ಎಂಜಲು ಮೊಳೆ

ಬಾಯಲ್ಲಿ ಮೊಳೆ ಕಚ್ಚಿಕೊಂಡು ಗಾಳೆಮ್ಮನ ಬನದಲ್ಲಿ ಸುತ್ತಿಗೆ ಎತ್ತಬೇಡ ಎಂದು ಮುದಕಮ್ಮ ಮೂರು ಸಲ ಹೇಳಿದಳು. ಮೊದಲ ಸಲ ವಾಣಿಶ್ರೀಗೆ ಕೇಳಿಸಲಿಲ್ಲ. ಎರಡನೆಯ ಸಲ ಕೇಳಿಸಿತು, ಅರ್ಥವಾಗಲಿಲ್ಲ. ಮೂರನೆಯ ಸಲ ಅರ್ಥವೂ ಆಯಿತು, ಆಗ ನಕ್ಕಳು. ತುಟಿಗಳ ನಡುವೆ ನಾಲ್ಕು ಮೊಳೆ ಇಟ್ಟುಕೊಂಡು ನಗುವುದು ಸುಲಭವಲ್ಲ. ಆದರೂ ನಕ್ಕಳು, ಕಲಿತವಳಲ್ಲವೇ.

ಅವಳು ಬಡಗಿಯ ಮಗಳು. ಹಾಸನದ ಕಡೆಯ ಊರೊಂದರಲ್ಲಿ ಅವಳ ಅಪ್ಪ ಬಾಗಿಲು, ಕಿಟಕಿ ಮಾಡುತ್ತಿದ್ದ. ಮೊಳೆಗಳನ್ನು ತುಟಿಯಲ್ಲಿ ಕಚ್ಚಿ ಒಂದೊಂದಾಗಿ ತೆಗೆದು ಹೊಡೆಯುವುದು ಅಪ್ಪನಿಂದ ಬಂದ ಚಾಳಿ. ಎರಡೂ ಕೈ ಖಾಲಿ ಇರುತ್ತವೆ, ಮೊಳೆ ಕಳೆಯುವುದಿಲ್ಲ. ಅಪ್ಪ ಮರ ಕೊಯ್ದ, ಮಗಳು ಮರ ಕಾಯಲು ಬಂದಳು. ಚಾಳಿ ಮಾತ್ರ ಅದೇ ಉಳಿಯಿತು.

ಕಳ್ಳ ಕಟ್ಟಿಗೆ ವ್ಯಾಪಾರ ತಡೆಯಲು ಒಂದು ಟ್ರಸ್ಟು ಕೊಪ್ಪಳ ಜಿಲ್ಲೆಯಲ್ಲಿ ಯೋಜನೆ ತೆಗೆದಿತ್ತು. ಹಳೆಯ ಮರಗಳಿಗೆಲ್ಲ ನಂಬರಿನ ತಗಡು ಹೊಡೆಯಬೇಕು, ಫೋಟೊ ತೆಗೆಯಬೇಕು, ಊರವರನ್ನೇ ಕಾವಲಿಗೆ ಇಡಬೇಕು. ಕಳ್ಳತನದ ಸುದ್ದಿ ಕೊಡುವವರಿಗೆ ಒಂದು ಫೋನ್ ನಂಬರ್, ಹೆಸರು ಕೇಳುವಂತಿಲ್ಲ. ಈ ಕೆಲಸಕ್ಕೆ ವಾಣಿಶ್ರೀ ಆನೆಗೊಂದಿಗೆ ಬಂದು ಎರಡು ತಿಂಗಳಾಗಿತ್ತು. ಊರಿನಿಂದ ಎರಡು ಮೈಲಿ ದೂರ, ಬಂಡೆಗುಡ್ಡಗಳ ಸಂದಿಯಲ್ಲಿ ಗಾಳೆಮ್ಮನ ಬನ. ಅರವತ್ತೊಂದು ಮರ. ಹೆಚ್ಚಿನವು ಬೇವು, ಹುಣಸೆ. ಉಳಿದದ್ದು ಕಮರ, ಕೊಡಲಿಯ ಬಾಯಿ ಮುರಿಯುವಷ್ಟು ಗಟ್ಟಿ ಮರ, ಕಳ್ಳರಿಗೆ ಬಲು ಪ್ರೀತಿ.

ಬನದೊಳಗೆ ನಡುಮಧ್ಯಾಹ್ನವೂ ಕತ್ತಲು. ಬಾವಲಿ ಹಿಕ್ಕೆಯ ಘಾಟು, ಕೊಳೆತ ಹುಣಸೆಹಣ್ಣಿನ ಹುಳಿ, ಇವೆರಡರ ಕೆಳಗೆ ತುಕ್ಕು ಹಿಡಿದ ಕಬ್ಬಿಣದ ವಾಸನೆ. ಯಾಕೆಂದರೆ ಅಂಚಿನ ಬೇವಿನ ಮರಗಳ ಮೈತುಂಬ ಹಳೆಯ ಮೊಳೆಗಳಿದ್ದವು. ದೆವ್ವ ಬಡಿದವರನ್ನು ಸುತ್ತಲಿನ ಹಳ್ಳಿಯವರು ಇಲ್ಲಿಗೆ ತರುತ್ತಾರೆ. ಮುದಕಮ್ಮ ಅವರ ಎಂಜಲು ಮೊಳೆಗೆ ಹಚ್ಚಿ, ಬಾಯಲ್ಲೇನೋ ಗೊಣಗುತ್ತ ಮರಕ್ಕೆ ಹೊಡೆಯುತ್ತಾಳೆ. ಅವರು ಎದ್ದು ಮನೆಗೆ ಹೋಗುತ್ತಾರೆ. ಅವಳ ಎಡಗೈಯಲ್ಲಿ ಮೂರೇ ಬೆರಳು. ಯಾವಾಗ ನೋಡಿದರೂ ಒಂದೇ ಬೇವಿನ ಬುಡದಲ್ಲಿ ಕೂತಿರುತ್ತಾಳೆ.

ಅವಳು ಅಲ್ಲಿಂದಲೇ ಹೇಳಿದಳು. "ದೆವ್ವ ಹೊಕ್ಕವರ ಎಂಜಲಿನಾಗ ದೆವ್ವ ಇರ್ತೈತಿ ಯವ್ವಾ. ಮೊಳಿ ಹೊಡದ್ರ ಅದು ಗಿಡಕ್ಕ ಹೋಗ್ತೈತಿ. ನಿನ್ನ ಮೈಯಾಗ ದೆವ್ವ ಇಲ್ಲ. ನಿನ್ನ ಎಂಜಲಿನಾಗ ನೀನ ಅದಿ."

ವಾಣಿಶ್ರೀ ಬಾಯಿಂದ ಮೊಳೆ ತೆಗೆದಳು. "ಒಳ್ಳೇದೇ ಆಯ್ತಲ್ಲ ಅಜ್ಜಿ. ಯಾರಾದ್ರೂ ಕಡಿಯೋಕೆ ಬಂದ್ರೆ ನನಗೇ ಗೊತ್ತಾಗತ್ತೆ. ಕಾವಲಿನವರೇ ಬೇಡ."

ಜೊತೆಗಿದ್ದ ಕನಕಪ್ಪ ನಗಲಿಲ್ಲ. ಅವನು ಅದೇ ಊರಿನವನು, ಬನದ ಕಾವಲಿಗೆಂದು ಅವಳೇ ನೇಮಿಸಿಕೊಂಡಿದ್ದವನು. ಉಳಿದದ್ದನ್ನು ನಾನು ಹೊಡೀತೀನಿ, ಕೈಯಾಗ ಹಿಡಕೊಂಡು ಹೊಡೀತೀನಿ ಎಂದು ಮೆಲ್ಲಗೆ ಹೇಳಿ ನೋಡಿದ. ಅವಳು ಕೊಡಲಿಲ್ಲ. ಮರದ ಸುತ್ತ ಇನ್ನೂ ಬೇಕಾದಷ್ಟು ಮೂಢನಂಬಿಕೆ ಇದೆ, ನಾವೂ ಸೇರಿಸುವುದು ಬೇಡ ಎಂದಳು. ಸಂಜೆಯೊಳಗೆ ಅರವತ್ತೊಂದು ಮರಕ್ಕೂ ತಗಡು ಬಿತ್ತು. ಪ್ರತಿ ಮೊಳೆಯೂ ಅವಳ ಬಾಯಿಂದಲೇ ಬಂದಿತ್ತು.

ಭತ್ತದ ಕೊಯ್ಲು ಶುರುವಾಯಿತು. ಕಾಲುವೆ ಸೀಮೆಯ ಗದ್ದೆಗಳಲ್ಲೆಲ್ಲ ಕೊಯ್ಯುವ ಮಷೀನುಗಳು ಬೆಳಗಿನಿಂದ ಗರ್ಜಿಸತೊಡಗಿದವು. ಕಳ್ಳರಿಗೆ ಇದಕ್ಕಿಂತ ಒಳ್ಳೆ ದಿನ ಯಾವುದು? ಆ ಗದ್ದಲದೊಳಗೆ ಇಂಜಿನ್ ಗರಗಸದ ಸದ್ದು ಯಾರಿಗೂ ಕೇಳುವುದಿಲ್ಲ. ಕಡಿದ ದಿಮ್ಮಿಯ ಮೇಲೆ ಭತ್ತದ ಹುಲ್ಲು ಹೇರಿದರೆ ಯಾರೂ ಗಾಡಿ ತಡೆಯುವುದಿಲ್ಲ.

ಗುರುವಾರ ಮಧ್ಯಾಹ್ನ ಕನಕಪ್ಪ ಊಟಕ್ಕೆ ಮನೆಗೆ ಹೋಗಿದ್ದ. ವಾಣಿಶ್ರೀ ಆನೆಗೊಂದಿಯ ತನ್ನ ಆಫೀಸಿನಲ್ಲಿ, ಎಂದರೆ ಬಾಡಿಗೆಯ ಒಂದು ಕೋಣೆಯಲ್ಲಿ, ವರದಿ ಬರೆಯುತ್ತಿದ್ದಳು. ಬಲಗಾಲಿನ ಹರಡಿನ ಮೇಲೆ, ಪಾದದ ಗಂಟಿನ ಹತ್ತಿರ, ಏನೋ ಕಚ್ಚಿದ ಹಾಗಾಯಿತು. ಬಗ್ಗಿ ನೋಡಿದಳು. ಚರ್ಮ ಬಾಯಿ ಬಿಟ್ಟಿತ್ತು. ಅವಳ ಕಣ್ಣೆದುರಿಗೇ ಆ ಬಾಯಿ ಅಗಲವಾಗುತ್ತ ಹೋಯಿತು. ಕಾಲಿನ ಸುತ್ತ ಬಳೆಯ ಹಾಗೆ ಹರಿಯಿತು. ಯಾರೂ ಇಲ್ಲ. ಏನೂ ಇಲ್ಲ. ಎಲುಬಿಗೆ ಏನೋ ತಾಗಿ ಗರಗರ ಎಂದಿತು, ಆ ಸದ್ದು ಹಲ್ಲಿನವರೆಗೂ ಬಂತು. ಅವಳು ಕಿರುಚಿದಳು. ಗದ್ದೆಯ ಮಷೀನಿನ ಸದ್ದಿನಲ್ಲಿ ಅದೂ ಯಾರಿಗೂ ಕೇಳಲಿಲ್ಲ.

ಕಾಲು ಬೇರೆಯಾಗಲಿಲ್ಲ. ಆದರೆ ಅವಳು ಕೂತಲ್ಲಿಂದ ಉರುಳಿ ಬಿದ್ದಳು, ಹಣೆ ಕಲ್ಲುನೆಲಕ್ಕೆ ಬಡಿಯಿತು. ಬಿದ್ದ ಮೇಲೆ ಎಡಗೈಯ ಕಿರುಬೆರಳು ಹೋಯಿತು. ಕೈ ಮುಂದೆ ಚಾಚಿಯೇ ಇತ್ತು, ಬೆರಳು ಟಕ್ಕೆಂದು ಹಾರಿ ಮೇಜಿನ ಕೆಳಗೆ ಬಿತ್ತು. ಅಲ್ಲಿ ಬನದಲ್ಲಿ ಬಿದ್ದ ಮರದ ಟೊಂಗೆ ಸವರಿದ್ದರು. ಅದು ಅವಳಿಗೆ ಆಮೇಲೆ ತಿಳಿದದ್ದು.

ಮನೆಯ ಮಾಲೀಕರು ಬಂದು ಕಂಡು ಅವಳನ್ನು ಗಂಗಾವತಿಯ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಯ ಡಾಕ್ಟರು ಕಾಲಿಗೆ ಹೊಲಿಗೆ ಹಾಕುವಾಗ ಬೈದರು. ಗಾಯದೊಳಗೆ ಇಷ್ಟೊಂದು ಮರದ ಹೊಟ್ಟು ಹೇಗೆ ಬಂತು, ಎಲ್ಲಿ ಬಿದ್ದಿದ್ದಿರಿ ಎಂದು ಕೇಳಿದರು. ಇಕ್ಕಳದಿಂದ ತೆಗೆದ ಹೊಟ್ಟು ಕೆಂಪಗಿತ್ತು, ಹಸಿ ಕಮರದ ವಾಸನೆ ಹೊಡೆಯುತ್ತಿತ್ತು. ಬಡಗಿಯ ಮಗಳಿಗೆ ಆ ವಾಸನೆ ಗೊತ್ತಾಗದೆ ಇರುತ್ತದೆಯೇ? ಅಷ್ಟರಲ್ಲಿ ಕನಕಪ್ಪ ಓಡುತ್ತ ಬಂದ. ಇಪ್ಪತ್ಮೂರನೇ ನಂಬರಿನ ಕಮರ ಕಡಿದುಕೊಂಡು ಹೋಗ್ಯಾರ ಎಂದ. ಅವಳ ಪಟ್ಟಿ ಕಟ್ಟಿದ ಕಾಲು ನೋಡಿದವನು, ಮುದಕಮ್ಮನ ಹತ್ರ ಹೋಗೋಣ್ರಿ ಎಂದ.

ಆ ರಾತ್ರಿಯೆಲ್ಲ ಆಸ್ಪತ್ರೆಯ ಮಂಚದ ಮೇಲೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಮೂಗಿನೊಳಗೆ ಭತ್ತದ ಹುಲ್ಲಿನ ಧೂಳು. ಬೆನ್ನ ಕೆಳಗೆ ಗಾಡಿಯ ಕುಲುಕಾಟ.

ಮರುದಿನ ಮಧ್ಯಾಹ್ನ ಕನಕಪ್ಪ ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಬನಕ್ಕೆ ತಂದ. ಇಪ್ಪತ್ಮೂರರ ಮೋಟು ಕೆಂಪಗೆ ಹಸಿಯಾಗಿತ್ತು. ವಾಣಿಶ್ರೀ ಈಗ ನಗುವ ಸ್ಥಿತಿಯಲ್ಲಿರಲಿಲ್ಲ. ಮುದಕಮ್ಮನ ಮುಂದೆ ಕೂತು, ಆ ಮೊಳೆ ಕಿತ್ತುಬಿಡ್ತೀನಿ ಅಜ್ಜಿ, ಎಲ್ಲವನ್ನೂ ಕೀಳ್ತೀನಿ ಎಂದು ಅತ್ತಳು.

ಕಿತ್ತರೆ ಜೀವ ಕಿತ್ತ ಹಾಗೆ ಎಂದಳು ಮುದಕಮ್ಮ. ತನ್ನ ಮೂರು ಬೆರಳಿನ ಕೈ ತೋರಿಸಿದಳು. ಹರೆಯದಲ್ಲಿ ಹಠಕ್ಕೆ ಬಿದ್ದು ಅವಳೂ ಒಂದು ಎಂಜಲು ಮೊಳೆ ಹೊಡೆದಿದ್ದಳಂತೆ, ಗಾಳಿಗೆ ಎರಡು ಟೊಂಗೆ ಮುರಿದವಂತೆ. ಅವತ್ತಿನಿಂದ ಆ ಬೇವಿನ ಬುಡ ಬಿಟ್ಟು ಎದ್ದಿಲ್ಲ. ಕಡಿದು ಬಿದ್ದ ಮರ ತಾನಾಗಿ ಒಣಗಿ ಮಣ್ಣಾದರೆ ಗಂಟು ಬಿಡುತ್ತದೆ, ಗಾಯವೂ ಮಾಯುತ್ತದೆ. ಆದರೆ ಒಣಗುವ ಮೊದಲೇ ಹಲಗೆ ಕೊಯ್ದರೆ ಅವಳನ್ನೂ ಹಾಗೆಯೇ ಕೊಯ್ದಂತೆ.

"ಬೇರೆ ದಾರಿನೇ ಇಲ್ವಾ ಅಜ್ಜಿ?"

ಮುದಕಮ್ಮ ತನ್ನ ಬೇವಿನ ತೊಗಟೆ ಸವರಿದಳು. "ಐತಿ. ನಿನ್ನ ಮೊಳಿಗೆ ಹತ್ತಿಸಿ ಇನ್ನೊಬ್ಬರ ಎಂಜಲ ಮೊಳಿ ಹೊಡದ್ರ ಗಂಟ ಅವರಿಗೆ ಹೋಗ್ತೈತಿ. ನಾ ಹೊಡಿಯಂಗಿಲ್ಲ. ನೀನೂ ಹೊಡಿಬ್ಯಾಡ."

ಅದೇ ಹೊತ್ತಿಗೆ ಫೋನು ಬಂತು. ಸುದ್ದಿ ಕೊಡುವವರಲ್ಲಿ ಒಬ್ಬ. ಅವನು ತಿಂಗಳಿಗೆ ಎರಡು ಸಲವಾದರೂ ಮಾಡುತ್ತಿದ್ದ, ಅವನ ಮಾತು ಯಾವತ್ತೂ ಸುಳ್ಳಾಗಿರಲಿಲ್ಲ. ಹೆಸರು ಅವಳು ಕೇಳಿರಲಿಲ್ಲ, ಮುಖ ನೋಡಿರಲಿಲ್ಲ. ಪಿಸುಮಾತಿನಲ್ಲೇ ಹೇಳುತ್ತಿದ್ದ.

"ನಿಮ್ಮ ಬನದ ಕಮರ ಹಿಟ್ನಾಳದ ಹತ್ರ ಅಮರಪ್ಪನ ಕಟಿಗಿ ಅಡ್ಡೆಗೆ ಬಂದೈತ್ರಿ ಮೇಡಂ. ಕರೆಂಟ್ ಇಲ್ಲ, ಮೂರಕ್ಕ ಬರ್ತೈತಿ. ಬಂದ ಕೂಡಲೇ ಮಷೀನಿಗೆ ಏರಸ್ತಾರ. ತಗಡ ಕಿತ್ತಾರ, ಗುರ್ತ ಸಿಗಂಗಿಲ್ಲ ನಿಮಗ. ನಾನ ಅದರ ಮ್ಯಾಲ ಗುರ್ತ ಮಾಡಿರ್ತೀನಿ. ಆದಷ್ಟು ತಡಾ ಮಾಡ್ತೀನ್ರಿ, ಲಗೂನ ಬರ್ರಿ."

ಅರಣ್ಯ ಇಲಾಖೆಗೆ ಫೋನು ಮಾಡಿದಳು. ಬರುತ್ತೇವೆ, ಗಾಡಿ ಇನ್ನೊಂದು ಕಡೆ ಹೋಗಿದೆ, ನಾಲ್ಕಾಗಬಹುದು ಎಂದರು. ಮೂರಕ್ಕೆ ಕರೆಂಟು, ನಾಲ್ಕಕ್ಕೆ ಇಲಾಖೆ. ನಡುವಿನ ಒಂದು ತಾಸಿನಲ್ಲಿ ತನ್ನನ್ನು ಹಲಗೆ ಹಲಗೆಯಾಗಿ ಸೀಳುತ್ತಾರೆ. ವಾಣಿಶ್ರೀ ಚೀಲ ಹೆಗಲಿಗೆ ಹಾಕಿಕೊಂಡಳು. ಅದರಲ್ಲಿ ತಗಡು, ಮೊಳೆ, ಸುತ್ತಿಗೆ ಇದ್ದವು. ಮುದಕಮ್ಮ ಅದನ್ನು ನೋಡಿದಳು, ಮುಖ ತಿರುಗಿಸಿಕೊಂಡಳು.

ಅಡ್ಡೆ ಹೆದ್ದಾರಿಯಿಂದ ಒಳಕ್ಕೆ, ತಗಡಿನ ಗೋಡೆಯ ಹಿಂದೆ ಇತ್ತು. ಗೇಟಿನಲ್ಲಿ ಇಬ್ಬರು ಕನಕಪ್ಪನನ್ನು ತಡೆದು ಗೋಡೆಗೆ ಒತ್ತಿ ಹಿಡಿದರು. ಅವಳನ್ನು ತಡೆಯಲಿಲ್ಲ, ಕುಂಟುವ ಹೆಂಗಸು ಏನು ಮಾಡಿಯಾಳು ಎಂದಿರಬೇಕು. ಒಳಗೆ ಹಸಿ ಹೊಟ್ಟು, ಮಷೀನಿನ ಎಣ್ಣೆ, ಸುಟ್ಟ ರಬ್ಬರಿನ ವಾಸನೆ. ಅಮರಪ್ಪ ಕುರ್ಚಿಯಲ್ಲಿ ಕೂತು ಎಲೆಅಡಿಕೆ ಜಗಿಯುತ್ತಿದ್ದ. ಬಾಯಿ, ಗದ್ದ, ಅಂಗಿಯ ಕಾಲರು ಎಲ್ಲ ಕೆಂಪು. ಎದ್ದು ನಿಂತು ಮರ್ಯಾದೆಯಿಂದಲೇ ಮಾತಾಡಿಸಿದ. ಬಿಸಿಲಾಗ ಬಂದೀರಿ, ಚಾ ಕುಡೀರಿ, ನಂದೆಲ್ಲ ಪರ್ಮಿಟ್ ಮಾಲು, ಕಾಗದ ತೋರಿಸ್ತೀನಿ ಎಂದ.

ಅವಳಿಗೆ ಕಾಗದ ಬೇಕಿರಲಿಲ್ಲ. ಗುರುತೂ ಬೇಕಿರಲಿಲ್ಲ. ಅಂಗಳದಲ್ಲಿ ಮೂವತ್ತು ದಿಮ್ಮಿ ಬಿದ್ದಿದ್ದವು, ತನ್ನದು ಯಾವುದೆಂದು ಅವಳ ಬೆನ್ನೇ ಹೇಳಿತು. ಅದು ಆಗಲೇ ಗರಗಸದ ತಳ್ಳುಗಾಡಿಯ ಮೇಲಿತ್ತು. ಅದಕ್ಕೆ ಬಿಗಿದ ಸರಪಳಿ ಅವಳ ಪಕ್ಕೆಲುಬುಗಳನ್ನು ಅಮುಕುತ್ತಿತ್ತು.

ಮಷೀನಿನ ಹತ್ತಿರ ಒಬ್ಬ ಬಡಕಲು ಮನುಷ್ಯ ನಿಂತಿದ್ದ. ನರೆತ ಗಡ್ಡ, ತಲೆಗೆ ಬಿಳಿ ಟೊಪ್ಪಿಗೆ, ಬಾಯಿಗೆ ಹೊಟ್ಟು ಹೋಗದಂತೆ ವಸ್ತ್ರ ಸುತ್ತಿಕೊಂಡಿದ್ದ. ನಜೀರಸಾಬ ಅಂತ ಅಮರಪ್ಪ ಅವನನ್ನು ಕೂಗಿ, ಇನ್ನೂ ಎಷ್ಟೊತ್ತೋ ನಿನ್ನ ಬೆಲ್ಟು ಎಂದು ಬೈದ. ಅವನು ಬೆಲ್ಟು ಬಿಚ್ಚುತ್ತಿದ್ದ, ಹಾಕುತ್ತಿದ್ದ, ಬ್ಲೇಡಿಗೆ ಎಣ್ಣೆ ಬಿಡುತ್ತಿದ್ದ. ನಡುವೆ ನಡುವೆ ವಾಣಿಶ್ರೀಯನ್ನೇ ದುರುಗುಟ್ಟಿ ನೋಡುತ್ತಿದ್ದ. ಒಂದು ಸಲ ದಿಮ್ಮಿಯ ಮೇಲೆ ಬೆರಳಿನಿಂದ ಎರಡು ಬಾರಿ ತಟ್ಟಿದ. ನಿನ್ನ ಮರ ನಮ್ಮ ಕೈಯಲ್ಲಿದೆ ನೋಡು ಎಂದು ಹಂಗಿಸುತ್ತಿದ್ದಾನೆ ಎಂದುಕೊಂಡಳು. ಅವಳ ಮೈ ಉರಿದು ಹೋಯಿತು.

ಅವನು ತಟ್ಟಿದ ಜಾಗದಲ್ಲಿ ಅವಳ ಮೊಳೆ ಇತ್ತು, ಕಿತ್ತ ತಗಡಿನ ಒಂದು ಚೂರು ಇನ್ನೂ ಅದಕ್ಕೆ ಅಂಟಿಕೊಂಡಿತ್ತು. ಮೊಳೆಯ ಪಕ್ಕದಲ್ಲೇ ಎಲೆಅಡಿಕೆಯ ಉಗುಳು, ಕೆಂಪಗೆ, ಇನ್ನೂ ಹಸಿ.

ಅವಳು ಅಮರಪ್ಪನ ಕೆಂಪು ಬಾಯಿ ನೋಡಿದಳು. ನನ್ನ ಮರ ಕಡಿದದ್ದು ಸಾಲದೆಂದು ಅದರ ಮೇಲೆ ಉಗುಳಿದ್ದಾನೆ. ಅವಳ ಕೈ ತಾನಾಗಿ ಚೀಲದೊಳಗೆ ಹೋಯಿತು.

ಕರೆಂಟು ಬಂತು.

ಅಂಗಳದ ದೀಪಗಳು ಹೊತ್ತಿಕೊಂಡವು. ಅಮರಪ್ಪ ತಾನೇ ಹೋಗಿ ಸ್ವಿಚ್ಚು ಹಾಕಿದ. ಬ್ಲೇಡು ಕಿರ್ರೆಂದು ಸುತ್ತತೊಡಗಿತು. ಅವಳು ನಿಲ್ಲಿಸಿ ಎಂದು ಕೂಗಿದಳು. ಯಾರಿಗೂ ಕೇಳಿಸಲಿಲ್ಲ. ನಜೀರಸಾಬ ಕೈ ಕಟ್ಟಿ ನಿಂತುಬಿಟ್ಟ. ಅಮರಪ್ಪ ಅವನನ್ನು ಪಕ್ಕಕ್ಕೆ ನೂಕಿ ತಾನೇ ಗಾಡಿ ತಳ್ಳಿದ.

ಬ್ಲೇಡು ಬುಡಕ್ಕೆ ತಾಗಿತು. ಅವಳ ಹಿಮ್ಮಡಿ ಸೀಳಿತು.

ಚಪ್ಪಲಿಯೊಳಗೆ ಬಿಸಿ ರಕ್ತ. ಸೀಳು ಮೇಲೇರಿತು. ಹರಡು. ಹೊಲಿಗೆಗಳು ಪಟಪಟ ಬಿಚ್ಚಿದವು. ಮೀನಖಂಡ. ಅವಳು ಓಡಿದಳೋ ತೆವಳಿದಳೋ ಅವಳಿಗೇ ಗೊತ್ತಿಲ್ಲ. ಗಾಡಿಯ ಅಂಚು ಹಿಡಿದಳು. ಕೈಯಲ್ಲಿ ಮೊಳೆ ಇತ್ತು. ಕೆಂಪು ಉಗುಳಿನಲ್ಲಿ ಅದ್ದಿದಳು. ಹಳೆಯ ಮೊಳೆಗೆ ತಾಗಿಸಿ ಇಟ್ಟಳು. ಸುತ್ತಿಗೆ ಬೀಸಿದಳು. ತಪ್ಪಿತು. ಹೆಬ್ಬೆರಳು ಜಜ್ಜಿತು. ಮತ್ತೆ ಬೀಸಿದಳು. ತಾಗಿತು. ಮತ್ತೆ. ಕಮರದೊಳಗೆ ಮೊಳೆ ಒಂದಂಗುಲ ಇಳಿಯಿತು. ಇನ್ನೂ ಒಂದಂಗುಲ.

ನೋವು ನಿಂತಿತು.

ಒಮ್ಮೆಲೇ, ದೀಪ ಆರಿದ ಹಾಗೆ ನಿಂತಿತು. ಅವಳು ಅಮರಪ್ಪನತ್ತ ನೋಡಿದಳು. ಈಗ ಅವನು ಬೀಳಬೇಕು. ಬೀಳಲಿ ಎಂದು ಬಾಯಿಬಿಟ್ಟೇ ಹೇಳಿದಳು. ಅಮರಪ್ಪ ಗಾಡಿ ತಳ್ಳುತ್ತಲೇ ಇದ್ದ. ಅವನಿಗೆ ಏನೂ ಆಗಲಿಲ್ಲ.

ಆಚೆ ಪಕ್ಕದಲ್ಲಿ ನಜೀರಸಾಬ ಕೂಗಿದ.

ಅವನ ಪೈಜಾಮದ ಕಾಲು ಕೆಳಗಿನಿಂದ ಹರಿಯುತ್ತ ಬಂತು. ನೂಲು ಹಿಡಿದು ಗೆರೆ ಹೊಡೆದಷ್ಟು ನೆಟ್ಟಗೆ. ತೊಡೆ ತೆರೆಯಿತು. ಅದರಿಂದ ಮೊದಲು ಹೊಟ್ಟು ಸುರಿಯಿತು, ಆಮೇಲೆ ರಕ್ತ. ಹೊಟ್ಟೆ ತೆರೆಯಿತು. ಅವನು ಎರಡೂ ಕೈಯಿಂದ ತನ್ನನ್ನು ತಾನೇ ಹಿಡಿದುಕೊಂಡ, ಕೂಡಿಸಲು ನೋಡಿದ. ಗೆರೆ ಎದೆಗೆ ಬಂತು. ಬಾಯಿಯ ವಸ್ತ್ರ ಜಾರಿತು. ತುಟಿಗಳು ಕೆಂಪಗಿದ್ದವು, ಎಲೆಅಡಿಕೆಯ ಕೆಂಪು. ಆಗ ಬ್ಲೇಡು ಅವಳ ಹೊಸ ಮೊಳೆಗೆ ಬಡಿಯಿತು. ಕಿಡಿ ಹಾರಿತು. ಬ್ಲೇಡು ತುಂಡಾಗಿ ಚಾಟಿಯಂತೆ ಬೀಸಿತು. ಅಮರಪ್ಪನ ಕಿವಿಯ ಪಕ್ಕದಿಂದ ಹಾದು, ಅವಳ ತಲೆಯ ಮೇಲಿಂದ ಹಾದು, ನಜೀರಸಾಬನ ಮೇಲೆಯೇ ಬಿತ್ತು.

ಮಷೀನು ನಿಂತಿತು. ತಗಡಿನ ಗೋಡೆಯಿಂದ ರಕ್ತ ತೊಟ್ಟಿಕ್ಕುವ ಸದ್ದು ಕೇಳುವಷ್ಟು ಮೌನ.

ಬ್ಲೇಡು ತುಂಡಾಗಿ ಸತ್ತ ಎಂದು ಎಲ್ಲರೂ ಹೇಳಿದರು. ಎಲ್ಲರೂ ಕಂಡದ್ದೂ ಅದೇ. ಮನುಷ್ಯ ಮೊದಲು ಹರಿದ, ಬ್ಲೇಡು ಆಮೇಲೆ ತುಂಡಾಯಿತು ಎಂಬುದನ್ನು ಕಂಡವಳು ವಾಣಿಶ್ರೀ ಒಬ್ಬಳೇ.

ಅವಳಿಗೆ ಆಗಲೂ ಪೂರ್ತಿ ತಿಳಿದಿರಲಿಲ್ಲ. ತಿಳಿಯಬಾರದೆಂದು ಮನಸ್ಸು ಹಟ ಹಿಡಿದಿತ್ತು. ಸುದ್ದಿ ಕೊಟ್ಟವನು ಇಲ್ಲೇ ಎಲ್ಲೋ ಇರಬೇಕು, ಅವನಾದರೂ ಸಾಕ್ಷಿ ಹೇಳಿಯಾನು ಎಂದು ರಕ್ತದ ಬೆರಳಿನಿಂದ ಅವನ ನಂಬರು ಒತ್ತಿದಳು.

ಹೊಟ್ಟಿನ ರಾಶಿಯ ಮೇಲೆ, ನಜೀರಸಾಬನ ಅಂಗಿಯ ಕಿಸೆಯಲ್ಲಿ ಫೋನು ಹಾಡತೊಡಗಿತು.

ಅಮರಪ್ಪ ಬಗ್ಗಿ ಅದನ್ನು ತೆಗೆದ. ಪರದೆಯನ್ನು ಓದಿದ. ಅವಳ ಮುಖ ನೋಡಿದ. "ಗಿಡದ ಮೇಡಂ," ಎಂದ ನಿಧಾನವಾಗಿ. "ಇವನೇನು ನಿಮ್ಮವ?"

ಗುರ್ತ ಮಾಡಿರ್ತೀನಿ ಎಂದಿದ್ದ. ಮಾಡಿದ್ದ. ಬಣ್ಣ ಹಚ್ಚಿದರೆ ಯಜಮಾನನಿಗೆ ತಿಳಿಯುತ್ತದೆ, ಉಗುಳಿದರೆ ಯಾರು ಕೇಳುತ್ತಾರೆ? ಅವಳಿಗೆ ಕಾಣಲಿ ಎಂದೇ ಮೊಳೆಯ ಪಕ್ಕದಲ್ಲಿ ಉಗುಳಿದ್ದ. ಕಾಣಲಿಲ್ಲವೇನೋ ಎಂದು ಎರಡು ಸಲ ತಟ್ಟಿಯೂ ತೋರಿಸಿದ್ದ. ವಾಣಿಶ್ರೀ ಸುತ್ತಿಗೆ ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಇಲಾಖೆಯವರು ಬಂದಾಗ ನಾಲ್ಕು ಗಂಟೆ ಹತ್ತು ನಿಮಿಷ.

ಅಡ್ಡೆಗೆ ಬೀಗ ಬಿತ್ತು. ಅಮರಪ್ಪನ ಮೇಲೆ ಕೇಸಾಯಿತು. ಟ್ರಸ್ಟಿನವರು ಅವಳನ್ನು ಹೊಗಳಿ ಪತ್ರ ಬರೆದರು, ಅದನ್ನು ಅವಳು ಬಿಚ್ಚಲಿಲ್ಲ. ಕಾಲು ಮಾತ್ರ ಸರಿಹೋಗಲಿಲ್ಲ. ಆದರೂ ಊರಿಗೆ ಹೋಗಲಿಲ್ಲ. ಹೇಗೆ ಹೋದಾಳು, ಇನ್ನೂ ಅರವತ್ತು ಮರ ನಿಂತಿವೆ. ಬೆಳಗಾದರೆ ಬನಕ್ಕೆ ಬಂದು ಮುದಕಮ್ಮನ ಪಕ್ಕದಲ್ಲಿ ಕೂರುತ್ತಾಳೆ. ಯಾರ ಎಂಜಲಿತ್ತು ಎಂದು ಮುದಕಮ್ಮ ಒಮ್ಮೆ ಕೇಳಿದಳು. ಹೇಳಿದ ಮೇಲೆ ಮತ್ತೆ ಕೇಳಲಿಲ್ಲ.

ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆ ಮುಗಿಸಿ ನಜೀರಸಾಬನ ಹೆಂಡತಿ ಸೈದಾನಬಿ ಬನಕ್ಕೆ ಬಂದಳು. ಪೊಲೀಸರು ವಾಪಸು ಕೊಟ್ಟ ಸಾಮಾನಿನಲ್ಲಿ ಗಂಡನ ಕಿಸೆಯಿಂದ ಸಿಕ್ಕಿದ್ದೆಂದು ಸೊಟ್ಟಗಾದ ತಗಡೊಂದನ್ನು ತಂದಿದ್ದಳು. ಅದರ ಮೇಲೆ ಇಪ್ಪತ್ಮೂರು ಎಂದು ಇತ್ತು. ಮಾಲೀಕನ ಆಳುಗಳು ಕಿತ್ತೆಸೆದದ್ದನ್ನು ಅವನು ಸಾಕ್ಷಿಗೆಂದು ಎತ್ತಿಟ್ಟುಕೊಂಡಿದ್ದ.

"ನಿಮ್ಮ ಸುದ್ದಿ ಭಾಳ ಹೇಳ್ತಿದ್ರು ಮೇಡಮ್ಮಾರ. ಜಿಂದಗಿಯೆಲ್ಲ ಗಿಡ ಕೊಯ್ದೀನಿ, ಈಗ ನಾಕ ಗಿಡ ಉಳಸ್ತೀನಿ ಅಂತಿದ್ರು," ಎಂದಳು. "ಅವರ ಹೆಸರಿಲೆ ಒಂದ ಗಿಡಕ್ಕ ಇದನ್ನ ಹೊಡೀರಿ. ನಾ ಹಿಡೀತೀನಿ."

ವಾಣಿಶ್ರೀಗೆ ಹೇಳಿಬಿಡಬೇಕು ಅನ್ನಿಸಿತು. ಬದಲಿಗೆ ಚೀಲದಿಂದ ಮೊಳೆಯ ಡಬ್ಬಿ ತೆಗೆದು ಮುಂದಿಟ್ಟಳು. ಇಪ್ಪತ್ಮೂರರ ಮೋಟಿನ ಪಕ್ಕದಲ್ಲಿ ನಂಬರಿಲ್ಲದ ಒಂದು ಎಳೆಯ ಬೇವು ಇತ್ತು. ಸೈದಾನಬಿ ತಗಡನ್ನು ಅದಕ್ಕೆ ಒತ್ತಿ ಹಿಡಿದಳು. ಎರಡೂ ಕೈಯಿಂದ ನೆಟ್ಟಗೆ ಹಿಡಿಯಬೇಕೆಂದು, ಡಬ್ಬಿಯಿಂದ ತೆಗೆದುಕೊಂಡಿದ್ದ ಮೊಳೆಯನ್ನು ತುಟಿಯಲ್ಲಿ ಕಚ್ಚಿಕೊಂಡಳು.

ವಾಣಿಶ್ರೀ ಅವಳ ಬಾಯಿಂದ ಮೊಳೆಯನ್ನು ಕಿತ್ತು ಬಂಡೆಯ ಸಂದಿಗೆ ಎಸೆದಳು. ಸೈದಾನಬಿ ಗಾಬರಿಯಾಗಿ ಯಾಕೆಂದು ಕೇಳಿದಳು.

"ತುಕ್ಕು ಹಿಡಿದಿತ್ತು."

ತಾನೇ ಡಬ್ಬಿಯಿಂದ ಬೇರೆ ಮೊಳೆ ತೆಗೆದು ಸೆರಗಿನಲ್ಲಿ ಒರೆಸಿದಳು. ಮುದಕಮ್ಮ ನೋಡುತ್ತಿದ್ದಳು. ಈ ಸಲ ಅವಳು ಒಂದು ಸಲವೂ ಬೇಡವೆನ್ನಲಿಲ್ಲ. ವಾಣಿಶ್ರೀ ಮೊಳೆಯನ್ನು ತನ್ನ ಬಾಯಲ್ಲಿಟ್ಟು ಚೆನ್ನಾಗಿ ಒದ್ದೆ ಮಾಡಿಕೊಂಡಳು, ಆಮೇಲೆ ಸುತ್ತಿಗೆ ಎತ್ತಿದಳು.